ಖಾತೂನ್ ಉಸುರುವ ಹೆಸರುಗಳು

ಬಾಗ್ದಾದಿನ ಮಾಳಿಗೆಗಳ ಮೇಲೆ ಜನ ಇನ್ನೂ ಹೊದ್ದು ಮಲಗಿದ್ದಾರೆ. ಖಾತೂನ್ ಮಾತ್ರ ಎದ್ದು, ಅಗ್ಗಿಷ್ಟಿಕೆಯ ಮೇಲೆ ದಮ್ಮಡಿಯ ಚರ್ಮ ಕಾಯಿಸುತ್ತಿದ್ದಾರೆ. ಬೆರಳು ತಾಳ ಹಾಕುತ್ತದೆ, ಬಾಯಿ ಸಂಜೆಯ ಮದುವೆಮನೆಯವರ ಹೆಸರು ಒಪ್ಪಿಸುತ್ತದೆ. "ವರನ ಅಜ್ಜಿ ಮಸೂದಾ ಮೊದಲು. ಆಮೇಲೆ ದೊಡ್ಡತ್ತೆ ರೀಮಾ. ಅವಳನ್ನ ಮೂರನೇದಕ್ಕೆ ಹಾಕಿದ್ರೆ ಊಟ ಮುಟ್ಟಲ್ಲ, ಮಹಾತಾಯಿ!"

ನಮ್ಮ ಯಹೂದಿ ಮದುವೆಗಳ ಗೋರಂಟಿ ಹಾಡಿನಲ್ಲಿ ನೆಂಟರ ಹೆಸರೆಲ್ಲ ಸರದಿಯಂತೆ ಬರಬೇಕು. ಒಂದು ಹಿಂದುಮುಂದಾದರೂ ಎರಡು ಮನೆಗಳು ಮಾತು ಬಿಡುತ್ತವೆ. ಹಾಡುವವಳು ಫರ್ಹಾ. ಅವಳ ಅರಬ್ಬಿ ಹಾಡುಗಳ ಗ್ರಾಮಫೋನ್ ಪ್ಲೇಟು ಮುಸಲ್ಮಾನರ ಚಹಾ ಅಂಗಡಿಗಳಲ್ಲೂ ತಿರುಗುತ್ತದೆ, ಮಂತ್ರಿಗಳೂ ತಲೆದೂಗುತ್ತಾರೆ. ಬೆನ್ನ ಹಿಂದೆ ಕೂತು, ದಮ್ಮಡಿ ಬಾರಿಸುತ್ತಲೇ ಅವಳಿಗೆ ಹೆಸರು ಉಸುರುವವರು ಅಕ್ಕ ಖಾತೂನ್. ಒಂದು ಮದುವೆಗೆ ಅರವತ್ತು ಹೆಸರು, ವಾರಕ್ಕೆ ನಾಲ್ಕು ಮದುವೆ. ಇದೇ ಪತ್ರಿಕೆಯಲ್ಲಿ ಫರ್ಹಾಳ ಬಗ್ಗೆ ನಾನು ಮೂರು ಸಲ ಬರೆದಿದ್ದೇನೆ. ಈಕೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ತಾಯಿ ಸತ್ತಾಗ ಖಾತೂನರಿಗೆ ಹದಿನಾರು, ತಂಗಿಗೆ ಆರು. ಹಾಡು ಕಲಿಸಿದ್ದು ಇವರೇ. ಆಮೇಲೆ ಗಂಟಲು ಬೇನೆ ಬಂದು ಇವರ ಸ್ವರ ಒಡೆದುಹೋಯಿತು.

"ತಂಗಿ ಮೇಲೆ ಹೊಟ್ಟೆಕಿಚ್ಚಾ?" ಎಂದು ಕೇಳುತ್ತೇನೆ.

"ಇಲ್ದೆ ಏನಪ್ಪಾ? ಅವಳು ಬಾಯಿ ತೆಗೆದ್ರೆ ನನ್ನ ಹೊಟ್ಟೇಲಿ ಬೆಂಕಿ ಬೀಳುತ್ತೆ. ಆ ಸ್ವರ ಏರೋದು, ತಿರುಗೋದು ಎಲ್ಲಾ ನಂದು. ಹೂ ಎರಚೋದು ಮಾತ್ರ ಅವಳ ಮೇಲೆ."

ಕಳೆದ ಮಂಗಳವಾರ ಇನ್ನೊಂದು ಮದುವೆಯಲ್ಲಿ, ವರನ ಅಜ್ಜಿಯ ಎದುರು ಫರ್ಹಾ ಹೆಸರಿಗಾಗಿ ಕಾದು ನಿಂತಳು. ಖಾತೂನ್ ಬೇಕೆಂದೇ ಬಾಯಿ ಬಿಗಿಹಿಡಿದರು. ತಾಳ ಒಂದು ಸುತ್ತು ಹೋಯಿತು, ಎರಡಾಯಿತು. ಅಜ್ಜಿಯ ಮುಖ ಕೆಂಪೇರಿತು, ಹೆಂಗಸರಲ್ಲಿ ಗುಸುಗುಸು ಎದ್ದಿತು.

"ಅವಳ ಕತ್ತು ಬೆವರೋಕೆ ಶುರುವಾಯ್ತು. ಚಿಕ್ಕವಳಿದ್ದಾಗ ಹೆದರಿದ್ರೆ ಹಂಗೇ ಬೆವರೋಳು. ತಡಕೊಳ್ಳೋಕಾಗ್ಲಿಲ್ಲ, ಹೇಳಿಬಿಟ್ಟೆ. ಹಾಳಾದವಳು, ಹಾಡಿ ಎಲ್ಲರನ್ನೂ ಅಳಿಸಿದ್ಲು!"

ಮನೆಗೆ ಬಂದ ಮೇಲೆ ಫರ್ಹಾ ಹೇಳಿದ್ದು ಒಂದೇ ಮಾತು: "ಇನ್ನೊಂದ್ಸಲ ಹಿಂಗೆ ಮಾಡಿದ್ರೆ ಬೇರೆಯವಳನ್ನ ಕೂರಿಸ್ಕೋತೀನಿ, ಅಕ್ಕ."

ಈ ಸಂಜೆ ಖಾತೂನ್ ಬಾಯಿ ಬಿಡಲೇಬೇಕು. ಬಿಡುತ್ತಾರೆ ಕೂಡ. ಇವರಿಗಿರುವುದು ಒಂದೇ ಆಸೆ. ಹಾಡಿನ ಕೊನೆಗೆ ಬಾರಿಸಿದವರನ್ನೂ ಹೆಸರು ಹಿಡಿದು ಹರಸುವ ಪದ್ಧತಿ ನಮ್ಮಲ್ಲಿದೆ. ಇಪ್ಪತ್ತು ವರ್ಷವಾಯಿತು, ಫರ್ಹಾ ಒಮ್ಮೆಯೂ ಅದನ್ನು ಹಾಡಿಲ್ಲ.

"ಅದನ್ನೂ ನೀವೇ ಹೇಳಿಕೊಡಬಹುದಲ್ಲ?"

ಖಾತೂನ್ ದಮ್ಮಡಿಯನ್ನು ಕೆಂಡದಿಂದ ಈಚೆಗೆ ತೆಗೆಯುತ್ತಾರೆ.

"ಅರವತ್ತು ಜನರದ್ದು ಹೇಳ್ಕೊಡ್ತೀನಪ್ಪಾ. ನಂದೊಂದು ಅವಳಿಗೇ ನೆನಪಾಗ್ಲಿ."