ಅಂಗಡಿಯಲ್ಲಿ ಹಾಡಿ ಮನೆಯಲ್ಲಿ ಮುನಿಯುವ ಪೆಟ್ಟಿಗೆ

ದರ್ಜಿ ಮೊದಲ ಸಲ ಆ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದಾಗ ಮೆಕ್ಯಾನಿಕ್ ಒಂದು ಮಿಕ್ಸಿಯ ಹೊಟ್ಟೆಯೊಳಗೆ ಬೆರಳು ತೂರಿಸಿಕೊಂಡು ಕೂತಿದ್ದ. ತಲೆ ಎತ್ತಿದರೆ ಎದುರಿಗೆ ಸಣಕಲು ಆಳು. ಕುತ್ತಿಗೆಗೆ ಅಳತೆ ಟೇಪು, ಕಾಲರಿನ ಅಂಚಿಗೆ ಸಾಲಾಗಿ ಚುಚ್ಚಿಕೊಂಡ ಗುಂಡುಸೂಜಿಗಳು, ತೋಳಲ್ಲಿ ಮಗುವಿನಂತೆ ಅವುಚಿಕೊಂಡ ಹೋಮ್ ಥಿಯೇಟರಿನ ಆಂಪ್ಲಿಫೈಯರ್. ಅದಕ್ಕೊಂದು ಕಂದು ಬಟ್ಟೆಯ ಅಂಗಿ ಬೇರೆ. ವಾಲ್ಯೂಮಿನ ಗುಂಡಿ ಹೊರಗೆ ಇಣುಕಲೆಂದು ದುಂಡಗೆ ಕತ್ತರಿಸಿ, ಅಂಚಿಗೆ ಒತ್ತಾಗಿ ಕಾಜಾ ಹೊಲಿದಿದ್ದ.

"ಏನ್ರೀ ಟೈಲರೇ, ಮದುವೆಗೆ ಹೊರಡಿಸಿದ ಹಾಗಿದೆ?"

"ಧೂಳು ಕೂರಬಾರದು ಅಂತ ಅಣ್ಣಾ. ಚೆನ್ನಾಗಿ ಹಾಡ್ತಾ ಇರುತ್ತೆ, ಇದ್ದಕ್ಕಿದ್ದಂಗೆ ಟಕ್ ಅಂತ ಬಾಯಿ ಮುಚ್ಚಿಕೊಳ್ಳುತ್ತೆ. ಕೆಂಪು ದೀಪ ಮಿಣುಕುತ್ತೆ. ಆರಿಸಿ ಹಾಕಿದ್ರೆ ಮತ್ತೆ ಹಾಡು, ಮತ್ತೆ ಮುನಿಸು."

"ಸ್ಪೀಕರ್ ವೈರೆಲ್ಲ ಸರಿಯಾಗಿದೆಯಾ?"

"ಅಯ್ಯೋ, ಮನೆಗೆ ಬಂದು ನೋಡಿ. ಒಂದು ವೈರೂ ಕಣ್ಣಿಗೆ ಕಾಣಲ್ಲ, ಅಷ್ಟು ಅಚ್ಚುಕಟ್ಟು!"

ಮೆಕ್ಯಾನಿಕ್ ಗೋಡೆಯ ಕಡೆ ಸ್ಕ್ರೂಡ್ರೈವರ್ ತೋರಿಸಿದ. ಅಲ್ಲೊಂದು ಹಲಗೆ ತೂಗುತ್ತಿತ್ತು: 'ಮನೆಗೆ ಬಂದು ರಿಪೇರಿ ಇಲ್ಲ.' ಟಿವಿ ನೋಡಲು ಕರೆದವರು ಟೀ ಕುಡಿಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ಕೊನೆಗೆ ಕೂಗದ ಕುಕ್ಕರನ್ನೂ ಮುಂದೆ ಇಟ್ಟು ಕೂರುತ್ತಿದ್ದುದು ಅವನಿಗೆ ಸಾಕುಸಾಕಾಗಿತ್ತು.

ಪೆಟ್ಟಿಗೆ ಬಿಚ್ಚಿದ. ಒಳಗೆ ಒಂದು ಬೆಸುಗೆ ಸ್ವಲ್ಪ ಮಬ್ಬಾಗಿ ಕಂಡಿತು. ಹೊಸದಾಗಿ ಬೆಸೆದು ತನ್ನ ಸ್ಪೀಕರಿಗೆ ಜೋಡಿಸಿದರೆ ಮಧ್ಯಾಹ್ನವಿಡೀ ಒಂದೇ ಉಸಿರಿನಲ್ಲಿ ಹಾಡಿತು. ದರ್ಜಿ ಸಂತೋಷದಿಂದ ಒಯ್ದ. ವಾರ ಕಳೆಯುವುದರೊಳಗೆ ಹೊತ್ತು ತಂದ.

"ಮತ್ತೆ ಅದೇ ರಾಗ ಅಣ್ಣಾ."

"ಈ ಅಂಗೀನೇ ಕಾರಣ ಕಣ್ರೀ! ಬಿಸಿ ಹೊರಗೆ ಹೋಗಬೇಡವಾ? ಸೆಕೆಗೆ ಅದಾದರೂ ಏನು ಮಾಡುತ್ತೆ?" ಎಂದು ಮೆಕ್ಯಾನಿಕ್ ಹೊದಿಕೆ ಕಿತ್ತು ಬೆಂಚಿನ ಮೇಲೆ ಎಸೆದ. ದರ್ಜಿ ಮುಖ ಸಣ್ಣದು ಮಾಡಿಕೊಂಡು ಅದನ್ನು ಮಡಿಚಿ ಜೇಬಿಗಿಟ್ಟ. ಅಂಗಿಯಿಲ್ಲದೆ ಹೋದ ಪೆಟ್ಟಿಗೆ ಅಂಗಿಯಿಲ್ಲದೆಯೇ ಮರಳಿ ಬಂತು. ಈ ಸಲ ರಿಲೇ ಬದಲಾಯಿತು, ಟ್ರಾನ್ಸಿಸ್ಟರುಗಳು ಬದಲಾದವು, ಸರಿಯಿದ್ದ ಬೆಸುಗೆಗಳನ್ನೂ ಕಿತ್ತು ಮತ್ತೆ ಹಾಕಿದ್ದಾಯಿತು. ಅಂಗಡಿಯಲ್ಲಿ ಮಾತ್ರ ಅದು ಸಾಧುಪ್ರಾಣಿ. ವಾಲ್ಯೂಮ್ ಏರಿಸಿದ, ತಟ್ಟಿದ, ಕುಲುಕಿದ, ಬೈದ. ಜಪ್ಪಯ್ಯ ಅಂದರೂ ಕೆಟ್ಟು ತೋರಿಸಲಿಲ್ಲ.

ಆ ಹೊತ್ತಿಗೆ ಮೆಕ್ಯಾನಿಕ್‌ನ ಮನೆಯಲ್ಲಿ ಇನ್ನೊಂದು ಒತ್ತಾಯ ನಡೆಯುತ್ತಿತ್ತು. ಬಾಮೈದ ಕೆಲಸ ಮಾಡುವ ಶೋರೂಮಿನಲ್ಲಿ ಹೊಸ ಟಿವಿ ತೋರಿಸಿ ಮಾರುವ ಜಾಗವೊಂದು ಖಾಲಿಯಿತ್ತು.

"ನಮ್ಮ ತಮ್ಮ ಎಷ್ಟು ದಿನ ಅಂತ ಆ ಜಾಗ ಹಿಡಿದಿಡ್ತಾನೆ?" ಹೆಂಡತಿ ಪಾತ್ರೆ ಒರೆಸುತ್ತ ಕೇಳಿದಳು. "ನೀವು ಊಟಕ್ಕೆ ಕೂತರೂ ಆ ಡಬ್ಬದ್ದೇ ಧ್ಯಾನ."

"ಅದೊಂದು ನನ್ನ ಕೈಗೆ ಬಗ್ಗಲಿ, ಆಮೇಲೆ ನೋಡೋಣ."

"ಬಗ್ಗದಿದ್ರೆ?"

"ಇನ್ನೊಂದು ಸಲ ವಾಪಸ್ ಬಂದ್ರೆ ಅಂಗಡಿಗೆ ಬೀಗ ಹಾಕಿ ಶೋರೂಮಿಗೆ ಸೇರ್ತೀನಿ. ಸಾಕಾ?"

ಬಾಯಿತಪ್ಪಿ ಬಂದ ಮಾತಲ್ಲ. ಕೈಗೆ ಸಿಗದ ರೋಗಕ್ಕೆ ಮದ್ದು ಅರೆಯುತ್ತ ಕೂರುವ ಬದಲು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೆಡದ ಟಿವಿಯ ಪಕ್ಕ ನಿಲ್ಲುವುದೇ ಮೇಲೆಂದು ಅವನಿಗೂ ಅನ್ನಿಸತೊಡಗಿತ್ತು. ಆದರೂ ಬೆಸುಗೆಯ ಹೊಗೆಯಿಲ್ಲದ ದಿನವನ್ನು ನೆನೆಯಲು ಮನಸ್ಸು ಒಪ್ಪುತ್ತಿರಲಿಲ್ಲ.

ಪೆಟ್ಟಿಗೆ ವಾಪಸ್ ಬಂತು.

"ಅಣ್ಣಾ, ಬೇಜಾರು ಮಾಡ್ಕೋಬೇಡಿ..." ಎಂದು ದರ್ಜಿ ಶುರುಮಾಡುವಷ್ಟರಲ್ಲಿ ಮೆಕ್ಯಾನಿಕ್ ಎದ್ದು ಷಟರ್ ಎಳೆದ. ಬೀಗ ಹಾಕಿ, ಪೆಟ್ಟಿಗೆಯನ್ನು ತಾನೇ ಕಂಕುಳಿಗೇರಿಸಿಕೊಂಡ.

"ನಡೀರಿ, ನಿಮ್ಮನೆಗೆ. ಬೀಗ ಹಾಕೋದೇ ಆದರೆ ಇದು ಕೆಡೋದನ್ನ ಒಂದು ಸಲ ಕಣ್ಣಾರೆ ನೋಡಿಯೇ ಹಾಕ್ತೀನಿ."

"ಹಾಕೇಬಿಟ್ರಲ್ಲ ಆಗಲೇ?"

"ಸುಮ್ನೆ ನಡೀರಿ!"

ದರ್ಜಿಯ ಮನೆ ನಿಜಕ್ಕೂ ಅಚ್ಚುಕಟ್ಟಾಗಿತ್ತು. ಹೊಲಿಗೆ ಯಂತ್ರಕ್ಕೊಂದು ಹೊದಿಕೆ, ರಿಮೋಟಿಗೊಂದು ಚೀಲ, ಕಿಟಕಿಗೆ ನೆಲ ಮುಟ್ಟುವ ನೀಲಿ ಪರದೆ. ಸ್ಪೀಕರುಗಳಿದ್ದವು, ವೈರು ಮಾತ್ರ ಕಾಣಲಿಲ್ಲ. ಮೆಕ್ಯಾನಿಕ್ ಜೋಡಿಸಿ ಚಾಲೂ ಮಾಡಿದ. ಹಾಡಿತು. ನೆಲಕ್ಕೆ ಕೂತು ಅದನ್ನೇ ದುರುಗುಟ್ಟಿ ನೋಡಿದ. ಇನ್ನೂ ಹಾಡಿತು.

"ಜನ ನೋಡಿ ನಾಟಕ ಆಡುತ್ತೆ," ಎಂದು ಹಲ್ಲು ಕಡಿದ.

"ಜನ ಅಲ್ಲ, ಗಾಳಿ ನೋಡಿ," ಎಂದು ದರ್ಜಿಯ ಹೆಂಡತಿ ಒಳಗಿನಿಂದ ಬಂದಳು. "ಗಾಳಿ ಬೀಸಿದಾಗಲೇ ಇದು ನಿಲ್ಲೋದು. ಎಷ್ಟು ಸಲ ಬಡ್ಕೊಂಡೆ. ಈ ಮಹಾಶಯರು ಕೇಳಿದ್ರೆ ತಾನೇ?"

"ಹಾಡಿಗೂ ಗಾಳಿಗೂ ಏನೇ ಸಂಬಂಧ?" ದರ್ಜಿ ರೇಗಿದ.

ಅವಳು ಹೋಗಿ ಕಿಟಕಿ ತೆರೆದಳು. ಪರದೆ ಉಬ್ಬಿತು. ಟಕ್! ಕೆಂಪು ದೀಪ ಮಿಣುಕಿತು.

ಮೆಕ್ಯಾನಿಕ್ ಎದ್ದು ಪರದೆಯ ಅಂಚು ಹಿಡಿದ. ದಪ್ಪಗಿತ್ತು. ಮಡಿಕೆಯೊಳಗೆ ಹಿಂಬದಿಯ ಸ್ಪೀಕರಿನ ವೈರು ಉದ್ದಕ್ಕೂ ಹರಿದಿತ್ತು. ಅದರ ಮೇಲೆಯೇ ನೇರವಾದ ಹೊಲಿಗೆ. ಒತ್ತುತ್ತ ಒತ್ತುತ್ತ ಕೆಳಗೆ ಬಂದವನು "ಅಯ್ಯಪ್ಪಾ!" ಎಂದು ಕೈ ಕೊಡವಿದ. ಹೆಬ್ಬೆರಳಲ್ಲಿ ರಕ್ತದ ಹನಿ.

ಅಂಚು ಬಿಚ್ಚಿದರೆ ಗುಂಡುಸೂಜಿಯೊಂದು ವೈರಿನ ಎರಡು ಎಳೆಗಳ ಮಧ್ಯೆ ಓರೆಯಾಗಿ ನಾಟಿತ್ತು. ಪರದೆ ಅಲುಗಿದಾಗ ಸೂಜಿ ಎರಡನ್ನೂ ಸೇರಿಸಿ ಶಾರ್ಟ್ ಮಾಡುತ್ತಿತ್ತು. ಆಂಪ್ಲಿಫೈಯರ್ ತನ್ನ ಜೀವ ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಳ್ಳುತ್ತಿತ್ತು.

"ವೈರು ಜೋತುಬಿದ್ದರೆ ನನಗೆ ನೋಡೋಕಾಗಲ್ಲ ಅಣ್ಣಾ," ದರ್ಜಿ ತಡವರಿಸಿದ. "ಕಚ್ಚಾ ಹೊಲಿಗೆಗೆ ಸೂಜಿ ಹಾಕಿದ್ದೆ. ಒಂದು ಉಳಿದುಬಿಟ್ಟಿದೆ."

"ಗಿರಾಕಿ ಅಂಗೀಲೂ ಬಿಡ್ತೀರಾ?"

"ಛೆ! ಗಿರಾಕಿ ಬಟ್ಟೆ ಅಂದ್ರೆ ತಡವಿ ನೋಡ್ತೀನಿ."

ದರ್ಜಿಯ ಹೆಂಡತಿ ಕಿಸಕ್ಕನೆ ನಕ್ಕಳು. ಮೆಕ್ಯಾನಿಕ್‌ಗೆ ನಗು ಬರಲಿಲ್ಲ. ಆರೋಗ್ಯವಾಗಿದ್ದ ಪೆಟ್ಟಿಗೆಯ ಹೊಟ್ಟೆ ಮತ್ತೆ ಮತ್ತೆ ಕೊಯ್ದಿದ್ದೇನಲ್ಲ ಎಂದು ಮೈ ಉರಿಯುತ್ತಿತ್ತು. ಮನೆಗೆ ಬನ್ನಿ ಎಂದು ಮೊದಲ ದಿನವೇ ಕರೆದಿದ್ದ ಈ ಮನುಷ್ಯ. ಅಂಗಡಿಯಲ್ಲಿ ಚೆನ್ನಾಗಿದೆ ಎಂದು ತಾನು ಹಿಂದಕ್ಕೆ ಕಳಿಸಿದ ಇನ್ನೆಷ್ಟು ಪೆಟ್ಟಿಗೆಗಳು ಯಾರ್ಯಾರ ಮನೆಯಲ್ಲಿ ಹೀಗೆ ಮುನಿದು ಕೂತಿವೆಯೋ!

ಸಂಜೆ ಮೆಕ್ಯಾನಿಕ್‌ನ ಹೆಂಡತಿ ಬಾಗಿಲಲ್ಲೇ ಕೇಳಿದಳು: "ಬೀಗ ಹಾಕಿದ್ರಂತೆ?"

"ಹಾಕಿದ್ದೆ. ಗೋಡೆ ಮೇಲಿನ ಆ ಹಲಗೆ ಇಳಿಸೋಕೆ ಮತ್ತೆ ತೆಗೆದೆ."

"ನಮ್ಮ ತಮ್ಮನಿಗೆ ಏನು ಹೇಳಲಿ?"

"ಅವನ ಮನೇಲಿ ಏನಾದರೂ ಕೆಟ್ಟಿದ್ರೆ ಬಂದು ನೋಡ್ತೀನಿ ಅಂತ ಹೇಳು."

ಶೋರೂಮಿನ ಆ ಜಾಗಕ್ಕೆ ಬೇರೆ ಯಾರೋ ಸೇರಿಕೊಂಡರು. ಮೆಕ್ಯಾನಿಕ್ ಈಗ ಬೆಳಗಿನ ಹೊತ್ತು ಕೈಚೀಲ ಹಿಡಿದು ಮನೆಗಳಿಗೆ ಹೋಗಿ ರಿಪೇರಿ ಮಾಡುತ್ತಾನೆ. ಕುಕ್ಕರ್ ತಂದಿಟ್ಟರೆ ಗೊಣಗುತ್ತಲೇ ಅದನ್ನೂ ನೋಡುತ್ತಾನೆ. ಅಂಗಡಿಯನ್ನು ಮಧ್ಯಾಹ್ನದ ಮೇಲೆ ತೆರೆಯುತ್ತಾನೆ.