ಮರಿಯನ್ನು ಹೊತ್ತು ಈಜಿದವಳು

ಬೆಳಿಗ್ಗೆ ಆರೂವರೆಗೆ ದೇವರಿಗೆ ದೀಪ ಹಚ್ಚಿ, ಡಬ್ಬಿಗೆ ಮೊಸರನ್ನ ತುಂಬಿಕೊಂಡು ಸಮಾಮಿಶ್‌ನ ನಮ್ಮ ಮನೆಯಿಂದ ಕಾರು ತೆಗೆದೆ. ಕೆನ್ಮೋರ್‌ನಲ್ಲಿ ತಂಗಿ ಸುಮಾ, ಅವಳ ಗಂಡ ಮಧು ಹತ್ತಿಕೊಂಡರು. ಶನಿವಾರ, ಟ್ರಾಫಿಕ್ ಇರಲಿಲ್ಲ, ಅದೊಂದು ಪುಣ್ಯ. ಎಂಟಕ್ಕೆಲ್ಲ ಎವರೆಟ್‌ನ ದೋಣಿಕಟ್ಟೆಯಲ್ಲಿದ್ದೆವು.

ಏಳು ವಾರದ ಹಿಂದೆ ಸುಮಾಳಿಗೆ ಹೆಣ್ಣುಮಗು ಹುಟ್ಟಿತ್ತು, ಉಸಿರಿರಲಿಲ್ಲ. ಈ ದೇಶದ ರೂಢಿಯಂತೆ ನರ್ಸ್ ಬಟ್ಟೆಯಲ್ಲಿ ಸುತ್ತಿ ತಂದು, ಎತ್ತಿಕೊಳ್ಳುತ್ತೀಯಾ ಎಂದು ಕೇಳಿದಳು. ಸುಮಾ ಮಂಪರಿನಲ್ಲೇ ಕೈ ಚಾಚಿದಳು. ನಮ್ಮ ಕಡೆ ಅಂಥ ಮಗುವನ್ನು ತಾಯಿಗೆ ತೋರಿಸುವುದಿಲ್ಲ. ಮುಖ ಕಂಡರೆ ಮರೆಯಲಾಗದು ಎನ್ನುತ್ತಾರೆ. ನಾನೇ ಅವಳ ಕೈ ಇಳಿಸಿ, ಬೇಡ ಎಂದೆ. ಅಂದಿನಿಂದ ಅವಳು ನನ್ನೊಡನೆ ಹೂಂ, ಉಹೂಂ ಬಿಟ್ಟರೆ ಮಾತಾಡಿರಲಿಲ್ಲ. ಸಮುದ್ರದ ಗಾಳಿಗೆ ಮನಸ್ಸು ಹಗುರಾದೀತೆಂದು ತಿಮಿಂಗಿಲ ನೋಡುವ ಈ ದೋಣಿ ಪ್ರಯಾಣಕ್ಕೆ ಎಳೆದು ತಂದಿದ್ದೆ.

ಜುಲೈ ಆದರೂ ದೋಣಿಯ ಮೇಲೆ ಕೊರೆಯುವ ಚಳಿ. "ಅಕ್ಕಾ, ಆ ಮಂಕಿ ಕ್ಯಾಪ್ ನೋಡಿದ್ರೆ ತಿಮಿಂಗಿಲ ಹೆದ್ರಿ ಓಡತ್ತೆ," ಎಂದ ಮಧು.

"ಓಡ್ಲಿ ಬಿಡಪ್ಪ, ಕಿವಿ ನಂದು."

ಸುಮಾ ನಗಲಿಲ್ಲ.

ಎರಡೂವರೆ ಗಂಟೆ ಹೋದ ಮೇಲೆ ದ್ವೀಪಗಳ ನಡುವೆ ಓರ್ಕಾ ತಿಮಿಂಗಿಲಗಳು ಕಂಡವು. ಕಪ್ಪು ಬೆನ್ನು, ಕಣ್ಣಿನ ಹಿಂದೆ ಬಿಳಿ ಮಚ್ಚೆ. ಅಜ್ಜಿಯೇ ಮುಂದೆ ಈಜುವುದು, ಗಂಡುಮಕ್ಕಳು ಮುದುಕರಾದರೂ ತಾಯಿಯನ್ನು ಬಿಡುವುದಿಲ್ಲ ಎಂದು ಗೈಡ್ ಹೆಂಗಸು ಹೇಳುತ್ತಿದ್ದಳು. ತಿನ್ನಲು ಸಾಲ್ಮನ್ ಮೀನು ಸಿಗದೆ ಸೊರಗಿವೆಯಂತೆ. ಇದ್ದಕ್ಕಿದ್ದಂತೆ ಅವಳು ಮಾತು ನಿಲ್ಲಿಸಿದಳು. ಎಂಜಿನ್ನೂ ನಿಂತಿತು.

ಒಂದು ಹೆಣ್ಣು ಓರ್ಕಾ ಮೂತಿಯ ಮೇಲೆ ಸತ್ತ ಮರಿಯನ್ನು ಹೊತ್ತಿತ್ತು. ಅಲೆಗೆ ಮರಿ ಜಾರಿ ಮುಳುಗುತ್ತಿತ್ತು. ತಾಯಿ ಉಸಿರೆಳೆದುಕೊಂಡು ಮುಳುಗಿ ಮತ್ತೆ ಎತ್ತಿ ತರುತ್ತಿತ್ತು. ಉಳಿದವು ಅವಳಿಗಾಗಿ ನಿಧಾನವಾಗಿ ಈಜುತ್ತಿದ್ದವು. ಯಾವುದೂ ಅವಳಿಂದ ಮರಿಯನ್ನು ಬಿಡಿಸಲು ಹೋಗಲಿಲ್ಲ. ಜನ ಕ್ಯಾಮೆರಾ ಇಳಿಸಿದರು. ನಾನು ರಾಮ ರಾಮ ಎನ್ನುತ್ತಾ ಸುಮಾಳನ್ನು ಒಳಗೆ ಕರೆದೊಯ್ಯಲು ಭುಜ ಹಿಡಿದೆ.

"ಬಿಡು ಅಕ್ಕಾ. ನಾನು ನೋಡ್ಬೇಕು," ಎಂದಳು.

ಬಿಟ್ಟೆ. ದೋಣಿ ತಿರುಗುವವರೆಗೂ ಅವಳು ಕಂಬಿ ಹಿಡಿದು ನಿಂತೇ ಇದ್ದಳು.

ವಾಪಸು ಬರುವಾಗ ಮೊಸರನ್ನ ಯಾರಿಗೂ ಸೇರಲಿಲ್ಲ. ಅರ್ಧ ದಾರಿಯಲ್ಲಿ ಸುಮಾ ಬಂದು ನನ್ನ ಪಕ್ಕದಲ್ಲಿ ಕೂತಳು.

"ನೀನು ನೋಡಿದ್ಯಲ್ಲ. ಹೇಗಿದ್ಲು?"

ಈಗ ಯಾಕೆ ಅದೆಲ್ಲ ಎಂಬ ಮಾತು ಬಾಯಿಗೆ ಬಂತು. ನುಂಗಿಕೊಂಡೆ.

"ತಲೆ ತುಂಬಾ ಕೂದಲಿತ್ತು ಕಣೇ. ಮೂಗು ನಮ್ಮಮ್ಮಂದೇ."

"ಕೂದಲು ಗುಂಗುರಾ?"

"ಹೂಂ, ಹಣೆ ಹತ್ರ."

ಮಧು ಎದ್ದು ಹೋಗಿ ನಮಗೆ ಬೆನ್ನು ಮಾಡಿ ನಿಂತ. ಸುಮಾ ಕೇಳುತ್ತಲೇ ಹೋದಳು: ತುಟಿ, ಗಲ್ಲ, ಹುಬ್ಬು. ಅವಳು ನನ್ನೊಡನೆ ಮಾತಾಡುತ್ತಿದ್ದಳು, ದೇವರು ಅಷ್ಟಾದರೂ ಕೊಟ್ಟ. ಎವರೆಟ್‌ನ ಕಟ್ಟೆ ಕಾಣುವ ಹೊತ್ತಿಗೆ ಬೆರಳುಗಳ ಬಗ್ಗೆ ಕೇಳಿದಳು. ಮಗುವನ್ನು ಕುತ್ತಿಗೆಯವರೆಗೂ ಸುತ್ತಿದ್ದರು, ಬೆರಳು ನಾನು ನೋಡಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.