ಸ್ಟುಡಿಯೋ ಚಿಕ್ಕಮ್ಮನ ನಿಧಾನದ ಕಂಪ್ಯೂಟರ್

ನಮ್ಮ ಬೀದಿಯಲ್ಲಿ ಫೋಟೋ ಸ್ಟುಡಿಯೋ ನಡೆಸುವ ಚಿಕ್ಕಮ್ಮ ತೆಗೆದ ಯಾವ ಫೋಟೋವನ್ನೂ ಅಳಿಸುವವರಲ್ಲ. ಕಣ್ಣು ಮುಚ್ಚಿದವರದ್ದು, ಸೀನುತ್ತಿದ್ದವರದ್ದು, ಎಲ್ಲವೂ ಆ ಮುದಿ ಕಂಪ್ಯೂಟರಿನ ಹೊಟ್ಟೆಯಲ್ಲೇ. ಡಿಸ್ಕ್ ತುಂಬಿ ತುಳುಕುತ್ತಿತ್ತು, ಮೆಮೊರಿ ಏನೇನೂ ಸಾಲದು. ಒಂದು ಮುಖ ತೆರೆಯುವಷ್ಟರಲ್ಲಿ ಅದಕ್ಕೆ ಗಡ್ಡ ಬೆಳೆದಿರುತ್ತದೆ ಎಂದು ಗಿರಾಕಿಗಳು ನಗುತ್ತಿದ್ದರು. "ಕೂತ್ಕೊಳ್ಳಿ, ಅದಿನ್ನೂ ಯೋಚನೆ ಮಾಡ್ತಿದೆ" ಎಂದು ಸ್ಟೂಲು ಎಳೆದು ಕೊಟ್ಟು, ಚಿಕ್ಕಮ್ಮ ಅವರ ಹಲ್ಲುನೋವಿನಿಂದ ಹಿಡಿದು ಸೊಸೆಯ ಮುನಿಸಿನವರೆಗೆ ಎಲ್ಲವನ್ನೂ ವಿಚಾರಿಸುತ್ತಿದ್ದರು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಅಲ್ಲಿ ಕಾದು ಕಾದು ರಾಜಿಯಾದದ್ದೂ ಉಂಟು. ಕಂಪ್ಯೂಟರ್ ರಿಪೇರಿಯವನಾದ ನಾನು ಆ ಪಾಡು ನೋಡಲಾರದೆ ಹೊಸ ಡಿಸ್ಕ್ ಹಾಕಿ, ಮೆಮೊರಿಯನ್ನೂ ಹೆಚ್ಚಿಸಿಕೊಟ್ಟೆ. ಫೋಟೋಗಳು ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆದವು. ಜನ ನಿಂತ ಕಾಲಲ್ಲೇ ಕವರು ಹಿಡಿದು ಹೊರಟುಹೋಗತೊಡಗಿದರು. ಕೆಲವು ದಿನ ಬಿಟ್ಟು ಹೋದಾಗ ಚಿಕ್ಕಮ್ಮ ಒಬ್ಬರೇ ಸಪ್ಪಗೆ ಕೂತಿದ್ದರು. "ಏನಾದ್ರೂ ಕೆಟ್ಟಿದ್ಯಾ ಚಿಕ್ಕಮ್ಮ?" ಎಂದೆ. "ಕೆಟ್ಟಿಲ್ಲ ಕಣಪ್ಪ, ಚೆನ್ನಾಗೇ ಓಡ್ತಿದೆ" ಎಂದವರು ಖಾಲಿ ಸ್ಟೂಲನ್ನು ನನ್ನತ್ತ ಎಳೆದು, "ಮನೇಲಂತೂ ಮಾತಾಡೋರಿಲ್ಲ. ಹಾಕಿರೋ ಮೆಮೊರೀಲಿ ಅರ್ಧ ವಾಪಸ್ ತಗೊಂಡ್ಬಿಡ್ತೀಯಾ?" ಎಂದರು. ನಾನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.